ಉಗುರಿನಡಿಯ ಗಡ್ಡೆ

ಪುಟದಲ್ಲಿ ನಾಲ್ಕು ಸಾಲು ಹೆಚ್ಚಾಗಿತ್ತು. ಸೀರೆ ಅಂಗಡಿಯ ಜಾಹೀರಾತೊಂದು ಕೊನೆಯ ಗಳಿಗೆಯಲ್ಲಿ ಬಂದು ಆರೋಗ್ಯ ಪುಟದ ಕೆಳಭಾಗದಲ್ಲಿ ಕೂತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಪುಟ ಕಟ್ಟುವುದು ಆಗಿನ್ನೂ ಕೈಕೆಲಸ. ಕಂಪ್ಯೂಟರಿನಲ್ಲಿ ಜೋಡಿಸಿದ ಬರಹ ಉದ್ದನೆಯ ಬ್ರೋಮೈಡ್ ಪಟ್ಟಿಯಾಗಿ ಹೊರಬರುತ್ತಿತ್ತು. ಅದನ್ನು ಬ್ಲೇಡಿನಲ್ಲಿ ಕತ್ತರಿಸಿ ಹಾಳೆಗೆ ಅಂಟಿಸಬೇಕಿತ್ತು.

"ಮೇಡಂ, ನಾಲ್ಕ್ ಲೈನ್ ಕಟ್ ಮಾಡ್ಕೊಡಿ. ಇಲ್ಲಾಂದ್ರೆ ನಿಮ್ ಡಾಕ್ಟ್ರು ಸೀರೆ ಮೇಲೆ ಕೂತ್ಕೋತಾರೆ" ಎಂದ ಪುಟ ಅಂಟಿಸುವಾತ.

ಆ ಪುಟದ ಡಾಕ್ಟರ ಅಂಕಣಕ್ಕೆ ಓದುಗರ ಪ್ರಶ್ನೆಗಳು ಅಂಚೆಯಲ್ಲಿ ಬರುತ್ತಿದ್ದವು. ಇಂದಿರಾನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ನಿವೃತ್ತ ಶಸ್ತ್ರವೈದ್ಯರೊಬ್ಬರು ಇಂಗ್ಲಿಷಿನಲ್ಲಿ ಉತ್ತರ ಬರೆದು ಕಳಿಸುತ್ತಿದ್ದರು. ಉಪಸಂಪಾದಕಿಯಾದ ನಾನು ಅದನ್ನು ಕನ್ನಡಕ್ಕೆ ತರುತ್ತಿದ್ದೆ. ಆ ವಾರ ಒಬ್ಬರು ಕೇಳಿದ್ದರು: ಕುತ್ತಿಗೆಯ ಹಿಂದೆ ಗಡ್ಡೆ ಇದೆ, ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂದಿದೆ, ಇಂಥ ಗಡ್ಡೆ ಮುಂದೆ ನೋಯುತ್ತದೆಯೇ? ಡಾಕ್ಟರು ಕೊಟ್ಟ ಉತ್ತರದ ಮುಖ್ಯ ಭಾಗ ಹೀಗಿತ್ತು: 'ಇಂಥ ನಿರುಪದ್ರವಿ ಗಡ್ಡೆಗಳು ಸಾಮಾನ್ಯವಾಗಿ ನೋಯುವುದಿಲ್ಲ. ಆದರೆ ನರದ ಪಕ್ಕದಲ್ಲೋ ಮೂಳೆಯೊಳಗೋ ಇಕ್ಕಟ್ಟಿನ ಜಾಗದಲ್ಲೋ ಬೆಳೆದರೆ ತೀರ ಸಣ್ಣ ಗಡ್ಡೆಯೂ ಬಹಳ ನೋಯಬಹುದು.'

ಎರಡನೆಯ ವಾಕ್ಯ ತೆಗೆದೆ. ಮೂರು ಸಾಲು ಕಡಿಮೆಯಾಯಿತು. ಇನ್ನೂ ಒಂದು ಸಾಲು ಬೇಕಿತ್ತು. 'ಸಾಮಾನ್ಯವಾಗಿ' ಉದ್ದದ ಪದ. ಅದನ್ನು ತೆಗೆದರೆ ಕೊನೆಯ ಸಾಲಿನಲ್ಲಿ ನೇತಾಡುತ್ತಿದ್ದ ಎರಡು ಅಕ್ಷರ ಮೇಲಕ್ಕೆ ಬರುತ್ತವೆ. ತೆಗೆದೆ. 'ನಿರುಪದ್ರವಿ ಗಡ್ಡೆ ನೋಯುವುದಿಲ್ಲ' ಎಂದು ಶೀರ್ಷಿಕೆ ಕೊಟ್ಟೆ. ಪುಟ ಮುದ್ರಣಕ್ಕೆ ಹೋಯಿತು.

ಸುಮಾರು ಒಂದು ತಿಂಗಳ ಮೇಲೆ ಒಂದು ಭಾನುವಾರ ಕೆಳಗಿನ ಸ್ವಾಗತ ಮೇಜಿನಿಂದ ಫೋನು ಬಂತು. ಯಾರೋ ಹೆಂಗಸು ಪೇಪರ್ ಚೂರು ಹಿಡಿದುಕೊಂಡು ಬಂದಿದ್ದಾರೆ, ಬರೆದವರನ್ನು ನೋಡಬೇಕಂತೆ ಎಂದರು. ಇಳಿದು ಹೋದೆ.

ಮೂವತ್ತರ ಆಸುಪಾಸಿನ ಹೆಂಗಸು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದೆಗೊತ್ತಿಕೊಂಡಿದ್ದಳು. ಬೆಂಚಿನ ಅಂಚಿಗೆ ಕೂತಿದ್ದಳು, ಎಡಗಡೆಗೆ ಯಾರೂ ಬರದಂತೆ ಗೋಡೆಯ ಕಡೆಗೆ. ಪೇಪರಿನಿಂದ ಕತ್ತರಿಸಿದ ತುಣುಕನ್ನು ಬಲಗೈಯಿಂದ ಚಾಚಿದಳು. ನಾಲ್ಕಾಗಿ ಮಡಚಿ ಮಡಚಿ ಮಡಿಕೆಯಲ್ಲಿ ಸವೆದಿತ್ತು.

"ಇದು ನೀವ ಬರದೀರೇನ್ರಿ?"

"ಡಾಕ್ಟರು ಬರೆದದ್ದು. ನಾನು ಕನ್ನಡಕ್ಕೆ ಮಾಡಿದ್ದು."

"ನೋಯಂಗಿಲ್ಲ ಅಂತ ಬರದೀರಿ."

"ಹೌದು."

"ನಂದು ನೋಯ್ತದಲ್ರಿ."

ಆಕೆ ಜಗಳಕ್ಕೆ ಬಂದವಳಲ್ಲ. ತಿಳಿದುಕೊಂಡು ಹೋಗಲು ಬಂದವಳಂತೆ ಕೇಳಿದಳು. ಊರು ಯಾದಗಿರಿಯ ಕಡೆ. ಗಂಡ ಗಾರೆ ಕೆಲಸದ ಮೇಸ್ತ್ರಿ. ಮನೆ ರಾಮಮೂರ್ತಿ ನಗರದ ಒಂದು ವಠಾರದ ಬಾಡಿಗೆ ಕೋಣೆ. ಆಕೆ ಕೆ.ಆರ್. ಪುರದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಯ ಪಕ್ಕದ ಹೊಲಿಗೆ ಹಾಕುವವಳು. ಬಲಗೈ ಬಟ್ಟೆ ಎಳೆದರೆ ಎಡಗೈಯ ಬೆರಳುಗಳು ಅದನ್ನು ಸೂಜಿಯ ಕೆಳಗೆ ನೂಕಬೇಕು. ಎರಡು ವರ್ಷದಿಂದ ಎಡಗೈಯ ನಡುಬೆರಳಿನ ತುದಿ ಮುಟ್ಟಿದರೆ ಜೀವ ಹೋಗುತ್ತಿತ್ತು. ಬೆಳಿಗ್ಗೆ ಡ್ರಮ್ಮಿನ ತಣ್ಣೀರಿಗೆ ಕೈ ಇಟ್ಟರೆ ನೋವು ಮೊಣಕೈಯವರೆಗೂ ಹತ್ತುತ್ತಿತ್ತು.

"ಬ್ಯಾನಿ ಬಂತಂದ್ರ ಅಳೂನೂ ಆಗಂಗಿಲ್ರಿ. ಬಾಯಿ ಕಟ್ತದ" ಎಂದಳು.

ಮನೆಯ ಹತ್ತಿರದ ಕ್ಲಿನಿಕ್ಕಿನವರು ನೋಡಿ, ಉಗುರಿನ ಕೆಳಗೆ ಸಣ್ಣ ಗಡ್ಡೆ ಇರಬಹುದು, ಕ್ಯಾನ್ಸರ್ ಏನಲ್ಲ, ಏನೂ ಆಗಲ್ಲ ಹೋಗು ಎಂದಿದ್ದರು. ಅದಾದ ವಾರದಲ್ಲೇ ಗಂಡನಿಗೆ ನಮ್ಮ ಪುಟ ಸಿಕ್ಕಿತ್ತು. ಆತ ಓದು ಬಲ್ಲವನು. ಕತ್ತರಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಆಕೆ ನೋವು ಎಂದಾಗಲೆಲ್ಲ ಅದನ್ನು ತೆಗೆದು ಓದುತ್ತಿದ್ದ. ಗಾರ್ಮೆಂಟ್ಸಿನ ಸೂಪರ್‌ವೈಸರಿಗೂ ಅದು ಗೊತ್ತಾಗಿ, 'ಪೇಪರ್‌ನಲ್ಲೇ ಬಂದಿದೆಯಲ್ಲಮ್ಮ, ಡ್ರಾಮಾ ಮಾಡ್ಬೇಡ' ಎಂದಿದ್ದಳು.

"ನೋಡ್ಬಹುದಾ?" ಎಂದೆ. ಸೆರಗು ಬಿಚ್ಚಿದಳು. ಉಗುರಿನ ನಡುವೆ ಬಾಲ್‌ಪೆನ್ನಿನ ತುದಿ ತಾಗಿದಂತೆ ಒಂದು ನೀಲಿ ಚುಕ್ಕೆ. ಬೇರೇನೂ ಇಲ್ಲ. ಊತವಿಲ್ಲ, ಕೀವಿಲ್ಲ. ನನಗೂ ನಂಬಿಕೆ ಬರಲಿಲ್ಲ, ಅದನ್ನು ಇಲ್ಲಿ ದಾಖಲಿಸಬೇಕು.

ಮೇಲೆ ಹೋಗಿ ಹಳೆಯ ಕಡತ ತೆಗೆದೆ. ಡಾಕ್ಟರ ಕೈಬರಹದ ಹಾಳೆಯ ಜೊತೆಗಿದ್ದ ಕನ್ನಡ ಕರಡಚ್ಚಿನಲ್ಲಿ ನಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ವಾಕ್ಯವಿತ್ತು. ಇಕ್ಕಟ್ಟಿನ ಜಾಗ. ತೀರ ಸಣ್ಣ ಗಡ್ಡೆ. ಎರಡು ಸಲ ಓದಿ ಡಾಕ್ಟರಿಗೆ ಫೋನು ಮಾಡಿದೆ. ಮರುದಿನ ಸಂಜೆ ಕರೆದುಕೊಂಡು ಬನ್ನಿ ಎಂದರು.

ಕ್ಲಿನಿಕ್ಕಿನಲ್ಲಿ ಮೊದಲು ನನ್ನ ವಿಚಾರಣೆಯಾಯಿತು.

"ನನ್ನ 'ಯೂಶುವಲಿ' ಎಲ್ಲಿ ಹೋಯ್ತಮ್ಮ?"

"ಪುಟದಲ್ಲಿ ಜಾಗ ಇರ್ಲಿಲ್ಲ ಸರ್."

"ಹ್ಞೂಂ. ಈಕೆ ಉಗುರಿನ ಕೆಳಗೂ ಜಾಗ ಇಲ್ಲ. ಅದಕ್ಕೇ ನೋವು."

ನಗಲಿಲ್ಲ ಅವರು. ಒಂದು ಗುಂಡುಪಿನ್ನು ತೆಗೆದುಕೊಂಡು ಅದರ ತಲೆಯ ಕಡೆಯಿಂದ ಬೆರಳಿನ ತುದಿಯನ್ನು ಅಲ್ಲಲ್ಲಿ ಒತ್ತುತ್ತ ಬಂದರು. ಪಕ್ಕದಲ್ಲಿ ಒತ್ತಿದಾಗ ಏನಿಲ್ಲ. ಕೂದಲೆಳೆಯಷ್ಟು ಈಚೆಗೆ ಒತ್ತಿದಾಗಲೂ ಏನಿಲ್ಲ. ನೀಲಿ ಚುಕ್ಕೆಯ ಮೇಲೆ ಬಂದಾಗ ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು. ಕೂರಿಸಿ, ಐಸ್ ತುಂಡನ್ನು ಬೆರಳಿಗೆ ತಾಗಿಸಿದರು. ಹಲ್ಲು ಕಚ್ಚಿ ತಲೆಯನ್ನು ಗೋಡೆಗೆ ಒತ್ತಿಕೊಂಡಳು.

ಮೂರನೆಯ ಪರೀಕ್ಷೆ ನನಗೆ ಹೊಸದು. ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಕಟ್ಟಿ, ಗಾಳಿ ತುಂಬಿ, ಕೈಗೆ ರಕ್ತ ಹೋಗದಂತೆ ಬಿಗಿದರು. ಸ್ವಲ್ಪ ಹೊತ್ತು ಕಾದು ಅದೇ ಪಿನ್ನಿನಿಂದ ಅದೇ ಚುಕ್ಕೆಯನ್ನು ಒತ್ತಿದರು. ಆಕೆ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಆಮೇಲೆ ಕಣ್ಣು ತೆರೆದಳು.

"ಒತ್ತೀರೇನ್ರಿ?"

"ಒತ್ತಾಯ್ತಮ್ಮ."

"ಗೊತ್ತೇ ಆಗ್ಲಿಲ್ರಿ."

ಪಟ್ಟಿಯ ಗಾಳಿ ಬಿಟ್ಟರು. ರಕ್ತ ತಿರುಗಿ ಬೆರಳಿಗಿಳಿದ ಕೂಡಲೇ ನೋವು ಬಂತು. ಡಾಕ್ಟರು ಕೈ ತೊಳೆದು ವಿವರಿಸಿದರು. ಚಳಿ ಬಿಸಿಗೆ ತಕ್ಕಂತೆ ರಕ್ತದ ಹರಿವನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ಸಣ್ಣ ಗಂಟುಗಳು ಬೆರಳ ತುದಿಯಲ್ಲಿರುತ್ತವೆ, ಗ್ಲೋಮಸ್ ಎಂದು ಹೆಸರು. ಅದರಲ್ಲೊಂದು ಬೆಳೆದಿದೆ. ಬೆಳೆದದ್ದು ರಾಗಿಕಾಳಿನಷ್ಟು. ಪ್ರಾಣಕ್ಕೆ ಏನೂ ಇಲ್ಲ, ಹರಡುವುದೂ ಇಲ್ಲ. ಉಗುರು ಎತ್ತಿ ಅದನ್ನು ತೆಗೆದರೆ ಅಲ್ಲಿಗೆ ಮುಗಿಯಿತು.

"ನಂದು ಸುಳ್ಳಲ್ಲ ಅಂದಂಗಾಯ್ತು" ಎಂದಳು ಆಕೆ.

ಡಾಕ್ಟರು ತಮಗೆ ಪರಿಚಯವಿದ್ದ ಒಂದು ಸರ್ಕಾರಿ ಆಸ್ಪತ್ರೆಯ ಸರ್ಜನ್ನರಿಗೆ ಪತ್ರ ಕೊಟ್ಟರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಕಾಣಬೇಕಾಗಿಯೂ ಇಲ್ಲ ಎಂದರು ಸರ್ಜನ್. ಹದಿನೈದು ದಿನ ಬಿಟ್ಟು ತಾರೀಖು ಸಿಕ್ಕಿತು. ಮನೆಯವರೊಬ್ಬರ ಸಹಿ ಬೇಕೆಂದು ಗುಮಾಸ್ತರು ಒಂದು ಹಾಳೆ ಕೊಟ್ಟರು.

"ನಾನು ಹಾಕ್ಲಾ?" ಎಂದು ಕೇಳಿದೆ.

"ನೀವೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಮತ್ತೆ?"

ಹಾಳೆ ಮನೆಗೆ ಹೋಯಿತು, ಸಹಿಯಾಗದೆ ಉಳಿಯಿತು. ತಾರೀಖಿಗೆ ಮೂರು ದಿನವಿದ್ದಾಗ ನಾನು ಶಿವಾಜಿನಗರದಲ್ಲಿ ಬಸ್ಸು ಹತ್ತಿ ರಾಮಮೂರ್ತಿ ನಗರಕ್ಕೆ ಹೋದೆ.

ಗಂಡ ದಡೂತಿ ಆಳು, ಮಾತು ಮೆದು. ಬಾಗಿಲಲ್ಲೇ ಎದ್ದು ನಿಂತ. "ಬರ್ರಿ ಮೇಡಂರ, ಕೂಡ್ರಿ" ಎಂದು ಇದ್ದ ಒಂದೇ ಕುರ್ಚಿ ಒರೆಸಿದ. ನಾನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಹೋಗಿದ್ದ ಗಂಡ ಇವನಲ್ಲ.

"ಡಾಕ್ಟ್ರ ಪರೀಕ್ಷೆ ಬಗ್ಗೆ ಹೇಳಿದಾರಾ?" ಎಂದೆ.

"ಹೇಳ್ಯಾಳ್ರಿ. ಬ್ಯಾನಿ ಇಲ್ಲ ಅಂತ ನಾ ಅನ್ನಂಗಿಲ್ಲ. ಕತ್ತಿ ಬ್ಯಾಡ ಅಂತೀನಿ."

"ಯಾಕೆ?"

"ನಮ್ಮ ಅವ್ವಗ ಬೆನ್ನಾಗ ಗಡ್ಡಿ ಇತ್ರಿ. ಹತ್ತು ವರ್ಷ ಇತ್ತು, ಏನೂ ಮಾಡಿದ್ದಿಲ್ಲ. ತೆಗಸ್ರಿ ಅಂದ್ರು, ತೆಗಸಿದ್ವಿ. ಆರು ತಿಂಗಳಿಗ ಹೋದ್ಲು. ಮಲಗಿದ್ದನ್ನ ಎಬ್ಬಿಸಬಾರದ್ರಿ." ಜೇಬಿನಿಂದ ತುಣುಕು ತೆಗೆದು ನನ್ನ ಮುಂದಿಟ್ಟ. "ನೀವ ಬರದೀರಲ್ಲ, ನಿರುಪದ್ರವಿ ಅಂತ. ಉಪದ್ರ ಕೊಡಂಗಿಲ್ಲ ಅಂದಮ್ಯಾಗ ಅದಕ್ಕ ನಾವ್ಯಾಕ ಉಪದ್ರ ಕೊಡೂಣು?"

ತಾಯಿಯ ಗಡ್ಡೆ ಬೇರೆ, ಇದು ಬೇರೆ ಎಂದು ಹೇಳಿದೆ. ಆ ತುಣುಕಿನಲ್ಲಿ ಒಂದು ಪದ ಬಿಟ್ಟುಹೋಗಿದೆ, ಒಂದು ವಾಕ್ಯ ಬಿಟ್ಟುಹೋಗಿದೆ, ಬಿಟ್ಟವಳು ನಾನೇ ಎಂದೂ ಹೇಳಿದೆ. ಆತ ಅನುಕಂಪದಿಂದ ನನ್ನನ್ನು ನೋಡಿದ.

"ಅಚ್ಚಾದಮ್ಯಾಗ ಹಿಂಗಂದ್ರ ಹೆಂಗ್ರಿ?"

ಆಕೆ ಒಲೆಯ ಹತ್ತಿರ ನಿಂತಿದ್ದಳು. "ಅವರು ಬ್ಯಾಡ ಅಂದಮ್ಯಾಗ ನಾ ಹೆಂಗ ಮಾಡಿಸ್ಕೊಳ್ಳಲಿ ಅಕ್ಕಾ" ಎಂದು ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು.

ಅಚ್ಚಾದದ್ದನ್ನು ಅಚ್ಚಿನಿಂದಲೇ ತಿದ್ದಬೇಕು ಎಂದುಕೊಂಡು ಪುರವಣಿ ಸಂಪಾದಕರ ಮುಂದೆ ನಿಂತೆ.

"ತಿದ್ದುಪಡಿನಾ? ಆರೋಗ್ಯ ಪುಟಕ್ಕಾ? ಯಾರಾದ್ರೂ ನೋಟಿಸ್ ಕಳಿಸಿದಾರಾ?"

"ಇಲ್ಲ ಸರ್. ಒಬ್ರು ಬೆರಳು ಹಿಡ್ಕೊಂಡು ಬಂದಿದ್ರು."

ಅವರು ಕನ್ನಡಕದ ಮೇಲಿಂದ ನೋಡಿದರು. "ಎರಡು ಸಾಲು. ಮೂರನೇದು ಕೇಳ್ಬೇಡಿ."

ಎರಡು ಸಾಲಿನಲ್ಲಿ ನಾನು ಬಿಟ್ಟಿದ್ದ ವಾಕ್ಯ ಹಿಡಿಯಲಿಲ್ಲ. ಬಿಟ್ಟಿದ್ದ ಪದವೊಂದೇ ಹಿಡಿಯಿತು. 'ನೋಯುವುದಿಲ್ಲ ಎಂಬಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ ಎಂದು ಓದಿಕೊಳ್ಳಬೇಕು' ಎಂದು ಅಚ್ಚಾಯಿತು. ಪ್ರತಿ ತೆಗೆದುಕೊಂಡು ನಾನೇ ಹೋಗಿ ಕೊಟ್ಟೆ. ಅಷ್ಟರಲ್ಲಿ ಆಸ್ಪತ್ರೆ ಕೊಟ್ಟ ತಾರೀಖು ದಾಟಿತ್ತು.

ಆತ ಬಾಗಿಲ ಬೆಳಕಿಗೆ ಹಿಡಿದು ಓದಿದ. ಹಳೆಯ ತುಣುಕನ್ನೂ ಪಕ್ಕದಲ್ಲಿಟ್ಟು ಓದಿದ. "ಮೊದಲೂ ನೋಯಂಗಿಲ್ಲ ಅಂದಿದ್ರಿ, ಈಗೂ ನೋಯಂಗಿಲ್ಲ ಅಂದೀರಿ. ನಡುವ ಒಂದು ಮಾತು ಕೂಡಿಸೀರಿ, ಅಷ್ಟ ಅಲ್ರಿ?" ವ್ಯಂಗ್ಯವಿರಲಿಲ್ಲ. ಭಾಷೆಯ ದೃಷ್ಟಿಯಿಂದ ಆತ ಹೇಳಿದ್ದು ಸರಿಯಾಗಿತ್ತು.

ವರದಿ ಮಾಡುವವರು ಸುದ್ದಿಯೊಳಗೆ ಇಳಿಯಬಾರದು ಎಂದು ನಮಗೆ ಕಲಿಸಿದ್ದರು. ಆ ಗೆರೆ ನಾನು ದಾಟಿ ಆಗಿತ್ತು, ಆದರೂ ಅಲ್ಲಿಯವರೆಗೆ ಮಾತಿನಲ್ಲಷ್ಟೇ ದಾಟಿದ್ದೆ. ಅಂದು ಅವರ ಬಾಗಿಲಲ್ಲಿ ನಿಂತು ಒಂದು ತೀರ್ಮಾನ ಮಾಡಿದೆ. ಆತನಿಗೆ ಬರೆದದ್ದನ್ನು ತೋರಿಸಿ ಪ್ರಯೋಜನವಿಲ್ಲ, ತೋಳಿಗೆ ಪಟ್ಟಿ ಬಿಗಿಯುವ ಆ ಪರೀಕ್ಷೆಯನ್ನೇ ತೋರಿಸಬೇಕು. "ಒಂದ್ಸಲ ಡಾಕ್ಟ್ರ ಹತ್ರ ಬನ್ನಿ. ಕತ್ತಿ ಇಲ್ಲ, ಸೂಜಿ ಇಲ್ಲ, ಬರೀ ನೋಡೋದು" ಎಂದೆ. ಆತ ಒಪ್ಪಿದ.

ಡಾಕ್ಟರು ಮತ್ತೆ ಎಲ್ಲವನ್ನೂ ಮಾಡಿದರು. ಗುಂಡುಪಿನ್ನು, ಐಸು. ಹೆಂಡತಿಯ ಮುಖ ನೋಡಲಾಗದೆ ಆತ ತೂಗುಹಾಕಿದ್ದ ಕ್ಯಾಲೆಂಡರಿನ ಕಡೆಗೆ ತಿರುಗಿದ. ಪಟ್ಟಿ ಬಿಗಿದಾಗ ಡಾಕ್ಟರು ಪಿನ್ನನ್ನು ಅವನ ಕೈಗೇ ಕೊಟ್ಟರು. ಆತ ಹಗುರಾಗಿ ಒತ್ತಿದ. ಆಕೆ ಇಲ್ಲವೆಂದು ತಲೆಯಾಡಿಸಿದಳು. ಇನ್ನೂ ಬಲವಾಗಿ ಒತ್ತಿದ. ಆಕೆ ನಕ್ಕಳು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆತನ ಕಣ್ಣು ತುಂಬಿತು. "ಪಟ್ಟಿ ಕಟ್ಟಿದ್ರ ಹೋಗ್ತದಲ್ರಿ" ಎಂದ.

"ಹೋಗತ್ತೆ, ಆದ್ರೆ ಅದು ಔಷಧಿ ಅಲ್ಲ" ಎಂದರು ಡಾಕ್ಟರು. "ರಕ್ತ ನಿಲ್ಲಿಸಿದ್ದಕ್ಕೆ ನೋವು ನಿಂತಿದೆ. ಜಾಸ್ತಿ ಹೊತ್ತು ನಿಲ್ಲಿಸಿದ್ರೆ ಕೈ ಸಾಯತ್ತೆ. ಮನೇಲಿ ಇಂಥದ್ದು ಮಾಡ್ಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತ್ರಿ."

ಈ ಎಚ್ಚರಿಕೆಯನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ಹಬ್ಬ ಮುಗಿಯಲಿ, ಸಹಿ ಹಾಕುತ್ತೇನೆ ಎಂದ ಆತ. ಮೆಟ್ಟಿಲಿಳಿಯುವಾಗ ಹೆಂಡತಿಯ ಎಡಗಡೆಗೆ ಬಂದು, ಹೋಗಿಬರುವವರು ತಾಗದಂತೆ ನಡೆದ. ಕೆಲಸ ಆಯಿತು ಎಂದುಕೊಂಡೆ.

ಚುನಾವಣೆ ಬಂತು. ಪುರವಣಿಯವರನ್ನೂ ಸುದ್ದಿ ಮೇಜಿಗೆ ಎಳೆದುಕೊಂಡರು. ಐದಾರು ವಾರ ನಾನು ಆ ಕಡೆ ಹೋಗಲಿಲ್ಲ, ವಿಚಾರಿಸಲೂ ಇಲ್ಲ. ಒಂದು ಮಧ್ಯಾಹ್ನ ಕಾಯಿನ್ ಬೂತಿನಿಂದ ಆಕೆಯ ಫೋನು ಬಂತು.

"ಅಕ್ಕಾ, ಬೆರಳ ತುದಿ ಕರ್ರಗಾಗ್ಯದ್ರಿ."

"ನೋವು?"

"ಬ್ಯಾನಿ ಇಲ್ರಿ. ಅದಕ್ಕ ಅಂಜಿಕಿ ಬಂದದ."

ಗಂಡ ಹೆಂಡತಿ ಮನೆಯಲ್ಲಿ ಮಾಡಿಕೊಂಡದ್ದನ್ನು, ಅವರನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ, ಅಲ್ಲಿನ ಬೆಂಚಿನಲ್ಲಿ ತುಂಡು ತುಂಡಾಗಿ ಕೇಳಿದೆ. ತೋಳಿಗೆ ಕಟ್ಟಿದರೆ ಕೈ ಸಾಯುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಆತ ತೋಳಿಗೆ ಕಟ್ಟಲಿಲ್ಲ. ಬೆರಳಿಗಷ್ಟೇ ಕಟ್ಟಿದ. ಗಾರ್ಮೆಂಟ್ಸಿನಲ್ಲಿ ಸೊಂಟಪಟ್ಟಿಗೆ ಹಾಕುವ ಎಲಾಸ್ಟಿಕ್ಕಿನ ತುಂಡು. ಬೆಳಿಗ್ಗೆ ಆಕೆ ಹೊರಡುವ ಮುಂಚೆ ಬೆರಳ ಬುಡಕ್ಕೆ ತಾನೇ ಸುತ್ತಿ ಗಂಟು ಹಾಕುತ್ತಿದ್ದ. ಊಟದ ಹೊತ್ತಿಗೆ ಬಿಚ್ಚಿಕೋ ಎಂದು ಹೇಳಿ ಕಳಿಸುತ್ತಿದ್ದ. ಮೊದಮೊದಲು ಬಿಚ್ಚುತ್ತಿದ್ದಳು. ಬಿಚ್ಚಿದೊಡನೆ ನೋವು ಮೊದಲಿಗಿಂತ ಜೋರಾಗಿ ನುಗ್ಗುತ್ತಿತ್ತು. ಆಮೇಲೆ ಸಂಜೆಯವರೆಗೂ ಬಿಡತೊಡಗಿದಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಆಕೆಯ ದಿನದ ಅಂಗಿಗಳ ಲೆಕ್ಕ ಪೂರ್ತಿಯಾಗುತ್ತಿತ್ತು. ಸೂಪರ್‌ವೈಸರ್ 'ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗತ್ತೆ' ಎಂದು ಹೊಗಳಿದ್ದಳಂತೆ.

ಸರ್ಜನ್ ಬೆರಳು ನೋಡಿ ಯಾರನ್ನೂ ಬೈಯಲಿಲ್ಲ. ತುದಿಯ ಗೆಣ್ಣಿನವರೆಗೆ ಸತ್ತಿದೆ, ಅಷ್ಟು ತೆಗೆಯಬೇಕು, ತಡ ಮಾಡಿದರೆ ಇನ್ನೊಂದು ಗೆಣ್ಣು ಹೋಗುತ್ತದೆ ಎಂದರು. ಗಂಡ ಹಾಳೆಯನ್ನು ಓದದೆ ಸಹಿ ಹಾಕಿದ. ಓದುವ ಮನುಷ್ಯ ಆತ, ಓದಲಿಲ್ಲ.

ಬೆರಳಿನ ಬುಡಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು. ಆಕೆ ಎಚ್ಚರವಾಗಿಯೇ ಇದ್ದಳು. ಜೊತೆಗೆ ಹೆಂಗಸರು ಒಬ್ಬರು ಇರಲಿ ಎಂದು ಸಿಸ್ಟರ್ ನನ್ನನ್ನು ಒಳಗೆ ಕರೆದು ತಲೆಯ ಕಡೆ ನಿಲ್ಲಿಸಿದರು. ಕೆಲಸ ಬೇಗ ಮುಗಿಯಿತು. ಹೊಲಿಗೆ ಹಾಕಿ ಮುಗಿಸಿದ ಮೇಲೆ ಸರ್ಜನ್ ತಟ್ಟೆಯಲ್ಲಿದ್ದ ತುದಿಯ ಉಗುರನ್ನು ಎತ್ತಿ, ಅದರ ಕೆಳಗಿನಿಂದ ಚಿಮಟದಲ್ಲಿ ಏನನ್ನೋ ಬಿಡಿಸಿ, ಹತ್ತಿಯ ಮೇಲೆ ಇಟ್ಟರು. ಮಾಸಿದ ಗುಲಾಬಿ ಬಣ್ಣದ ಒಂದು ಕಾಳು. ರಾಗಿಗಿಂತ ತುಸು ದೊಡ್ಡದು.

"ಇದೇ" ಎಂದರು.

ಆಕೆ ಕತ್ತು ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಸುಲಭ ಬಂತಲ್ರಿ" ಎಂದಳು. ಆಮೇಲೆ ನನಗೆ, "ಅಕ್ಕಾ, ನಮ್ಮ ಮನಿಯವರಿಗೆ ತೋರಸ್ರಿ. ಅವ್ವಂದು ಬ್ಯಾರೆ, ಇದು ಬ್ಯಾರೆ ಅಂತ ಅವರಿಗೆ ತಿಳೀಲಿ. ಇಲ್ಲಂದ್ರ ಇನ್ನ ಜೀವನಪೂರ್ತಿ ತಾನ ಕಟ್ಟಿದ್ದಕ್ಕ ಹಿಂಗಾತು ಅಂತ ಅಷ್ಟ ನೆನಸ್ತಾರ."

ಸಿಸ್ಟರ್ ಅದನ್ನು ಪರೀಕ್ಷೆಗೆ ಕಳಿಸಲು ಸಣ್ಣ ಬಾಟಲಿಗೆ ಹಾಕಿ, ಬೆರಳ ತುದಿಯ ಉಳಿದ ಚೂರುಗಳನ್ನೂ ಅದರಲ್ಲೇ ಹಾಕಿ, ದ್ರಾವಣ ತುಂಬಿ, ಚೀಟಿ ಅಂಟಿಸಿದರು. ಲ್ಯಾಬಿಗೆ ಒಯ್ಯುವ ಅಟೆಂಡರ್ ಜೊತೆ ನಾನೂ ಹೊರಗೆ ಬಂದೆ. ಒಂದು ನಿಮಿಷ ಎಂದು ಕೇಳಿಕೊಂಡು ಬಾಟಲಿ ಈಸಿಕೊಂಡೆ.

ಗಂಡ ಕಿಟಕಿಯ ಪಕ್ಕ ನಿಂತಿದ್ದ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದ. ಒಳಗಿನ ಚೂರುಗಳು ತೇಲಿ, ತಿರುಗಿ, ತಳಕ್ಕೆ ಇಳಿದವು. ಎಲ್ಲದರ ಬಣ್ಣವೂ ಆಗಲೇ ಒಂದೇ ಆಗತೊಡಗಿತ್ತು.

"ಎಲ್ಲಿ ಅದರಿ?"

ನಾನು ಬಗ್ಗಿ ನೋಡಿದೆ. ಬೆರಳು ತೋರಿಸಲು ಹೋಗಿ ನಿಲ್ಲಿಸಿದೆ. ಯಾವುದು ಗಡ್ಡೆ, ಯಾವುದು ಬೆರಳು ಎಂದು ನನಗೂ ತಿಳಿಯಲಿಲ್ಲ.

"ಮೇಡಂ, ಲ್ಯಾಬ್ ಕ್ಲೋಸ್ ಮಾಡ್ತಾರೆ" ಎಂದ ಅಟೆಂಡರ್. ಗಂಡ ಬಾಟಲಿಯನ್ನು ಹಿಂದಕ್ಕೆ ಕೊಟ್ಟು, ಖಾಲಿ ಕೈಯನ್ನು ಹಾಗೇ ಎದುರಿಗೆ ಹಿಡಿದುಕೊಂಡು ನಿಂತ.

ಒಳಗೆ ಹೋದಾಗ ಆಕೆಯ ಕೈಗೆ ಬ್ಯಾಂಡೇಜು ಸುತ್ತುತ್ತಿದ್ದರು.

"ನೋಡಿದ್ರೇನ್ರಿ?" ಎಂದಳು.

"ನೋಡಿದ್ರು" ಎಂದೆ.